ಅಪ್‌ಡೇಟ್: ಬಾಡಿಗೆಗೆ ಕೊಟ್ಟ ಮನೆ ರಿಪೇರಿಗೆ ಟಾಪ್‌ಅಪ್ ಸಾಲ ತೆಗೆದುಕೊಂಡೆ

ಕಲಬುರಗಿ ಸೇಡಂ ರಸ್ತೆ ಕಡೆ ಇರುವ ನಾವು ಬಾಡಿಗೆಗೆ ಕೊಟ್ಟಿರುವ ಮನೆಯ ರಿಪೇರಿಗೆ ಪರ್ಸನಲ್ ಲೋನ್ ತಗೊಳ್ಳೋದಾ, ಬಂಗಾರ ಇಡೋದಾ ಅಂತ ಕೇಳಿದ್ದೆ. ಉತ್ತರ ಕೊಟ್ಟ ಅಣ್ಣಂದಿರಿಗೆ, ಅಕ್ಕಂದಿರಿಗೆ ತುಂಬಾ ಥ್ಯಾಂಕ್ಸ್.

ಎರಡೂ ಬಿಟ್ಟೆ. ಈ ಮನೆ ಮೇಲಿನ ಹಳೇ ಹೋಮ್ ಲೋನ್ ಇನ್ನೂ ನಡೆಯುತ್ತಿದೆ, ಅದೇ ಬ್ಯಾಂಕಿನಲ್ಲಿ ಟಾಪ್‌ಅಪ್, ಅಂದರೆ ಆ ಲೋನ್ ಮೇಲೆ ಹೆಚ್ಚುವರಿ ಸಾಲ, ಸಿಕ್ಕಿತು. ಬಡ್ಡಿ ಪರ್ಸನಲ್ ಲೋನ್‌ಗಿಂತ ಕಡಿಮೆ, ಅವಧಿ ಜಾಸ್ತಿ, ಹಾಗಾಗಿ ಎರಡೂ ಕಂತು ಸೇರಿದರೂ ಬಾಡಿಗೆಯಲ್ಲೇ ಕಟ್ಟಬಹುದು. ಮನೆ ಖಾಲಿ ಬೀಳುವ ತಿಂಗಳಿಗೆ ಅಂತ ಸ್ವಲ್ಪ ದುಡ್ಡು ಬೇರೆ ಇಟ್ಟಿದ್ದೇನೆ, ಇದು ಬೇಕೇ ಬೇಕು. ಬ್ಯಾಂಕಿನವರು ಎಂಜಿನಿಯರ್ ಬರೆದ ಎಸ್ಟಿಮೇಟ್, ಖಾತಾ, ಮನೆ ತೆರಿಗೆ ರಸೀದಿ ಕೇಳಿದರು.

ಆದಾಯ ತೆರಿಗೆ ವಿಷಯ ಹಲವರು ಕೇಳಿದ್ದಿರಿ ಅಲ್ವಾ? ಬಾಡಿಗೆಯಲ್ಲಿ ಪಾಲಿಕೆಗೆ ಕಟ್ಟಿದ ತೆರಿಗೆ ಕಳೆದು, ಉಳಿದದ್ದರಲ್ಲಿ ಶೇ. 30 ವಿನಾಯಿತಿ ಸಿಗುತ್ತದೆ. ನೀವು ರಿಪೇರಿಗೆ ಎಷ್ಟೇ ಸುರಿದರೂ ಅಷ್ಟೇ. ಆದರೆ ರಿಪೇರಿಗೆ ತಂದ ಸಾಲದ ಬಡ್ಡಿಯನ್ನು ಬೇರೆಯಾಗಿ ಕಳೆಯಬಹುದು. ಅದಕ್ಕೇ ಸಾಲದ ದುಡ್ಡು ಈ ಮನೆಗೇ ಹೋಗಿದೆ ಅಂತ ತೋರಿಸಲು ಪ್ರತಿ ಬಿಲ್ ಇಡುತ್ತಿದ್ದೇನೆ, ಮೇಸ್ತ್ರಿಗೂ ಬ್ಯಾಂಕ್ ಮೂಲಕವೇ ಕೊಡುತ್ತಿದ್ದೇನೆ. ಹೊಸ ತೆರಿಗೆ ಪದ್ಧತಿಯಲ್ಲಿ ರಿಟರ್ನ್ ಹಾಕುವವರು ಗಮನಿಸಿ: ಬಡ್ಡಿ ಬಾಡಿಗೆಗಿಂತ ಜಾಸ್ತಿಯಾದರೆ ಆ ನಷ್ಟವನ್ನು ಸಂಬಳದಲ್ಲಿ ಕಳೆಯಲು ಬರುವುದಿಲ್ಲ.

ಟೈಲ್ಸ್ ಹಾಕಿ ಅಂದವರಿಗೆ: ಶಹಾಬಾದ್ ಕಲ್ಲಿನ ನೆಲ ಗಟ್ಟಿಯಾಗಿದೆ, ನಮ್ಮ ಬಿಸಿಲಿಗೆ ತಂಪು ಕೂಡ. ಸುಮ್ನೆ ಕೀಳುವುದು ಯಾಕೆ, ಪಾಲಿಶ್ ಮಾತ್ರ ಮಾಡಿಸುತ್ತೇನೆ. ಸೋರುವ ಮಾಳಿಗೆ ಮಳೆಗೆ ಮೊದಲೇ ಮುಗಿಯಬೇಕು, ಅಡುಗೆಮನೆ ದೀಪಾವಳಿ ಆದಮೇಲೆ.