ಉದ್ಯಮಬಾಗದ ರಂದಾ ಸಿಪ್ಪಿ ಬಾಲ್ ಪೈಥಾನ್‌ಗೆ ಹಾಸಬಹುದೇನ್ರಿ?

ಟಿಳಕವಾಡಿ ಹುಡುಗ:
ಎಲ್ಲಾರಿಗೂ ನಮಸ್ಕಾರ್ರಿ. ನಮ್ಮ ಭಾವ ಸಾಕಿದ್ದ ಬಾಲ್ ಪೈಥಾನ್ ಅನ್ನೋ ಪರದೇಶಿ ಹೆಬ್ಬಾವು ಈಗ ನನ್ನ ಕಡೆ ಬಂದೈತಿ. ಅವರಿಗೆ ಪುಣೆಕ್ಕ ಬದಲಿ ಆತು, ಅಲ್ಲಿ ಮನಿ ಮಾಲಕರು ಹಾವು ಅಂದ ಕೂಡ್ಲೆ ಕೈ ಮುಗದ್ರಂತ. ಹೆಣ್ಣು, ಮೂರು ಫೂಟಿಗಿಂತ ಸ್ವಲ್ಪ ಉದ್ದ, ಭಾಳ ಸಮಾಧಾನದ ಜೀವ. ಅವರು ಆನ್‌ಲೈನ್‌ನಾಗ ಆಸ್ಪೆನ್ ಅನ್ನೋ ಮರದ ಸಿಪ್ಪಿ ತರಸ್ತಿದ್ರು. ಅದರ ರೇಟ್ ನೋಡಿದ್ರ ನನ್ನ ಪಗಾರ ಹಾವಿನ ಹಾಸಿಗಿಗೇ ಹೋಗತೈತಿ.

ನಾನು ಬೆಳಗಾವಿ ಉದ್ಯಮಬಾಗದಾಗ ಫೌಂಡ್ರಿಗಳಿಗೆ ಕಟ್ಟಿಗಿ ಪ್ಯಾಟರ್ನ್ ಮಾಡಿಕೊಡೋ ಅಂಗಡಿಯೊಳಗ ಕೆಲಸ ಮಾಡ್ತೀನಿ. ಸಾಗವಾನಿ, ದೇವದಾರು, ಪೈನ್ ಎಲ್ಲಾದರದೂ ರಂದಾ ಸಿಪ್ಪಿ ಚೀಲಗಟ್ಟಲೆ ಬಿದ್ದಿರತೈತಿ, ಪುಕ್ಕಟೆ. ಬಾಜೂಕಿನವರ ಕಡೆ ಮೋಲ್ಡಿಂಗ್ ಉಸುಕೂ ಸಿಗತೈತಿ. ಇವು ನಡೀತಾವೇನ್ರಿ? ಇಲ್ಲಾಂದ್ರ ಸೋವಿಯೊಳಗ ಏನು ಹಾಸಬೇಕು? ಅವ್ವ ಬ್ಯಾರೆ ನಾಗಪ್ಪ ತಾನಾಗೇ ಮನಿಗೆ ಬಂದಾನ ಅಂತ ದಿನಾ ಬಟ್ಟಲದಾಗ ಹಾಲು ಹಿಡಕೊಂಡು ನಿಂದರತಾಳ.

ಗೋಕಾಕ ಕರದಂಟು:
ನಮ್ಮ ಕಡೆ ಸಕ್ಕರಿ ಫ್ಯಾಕ್ಟರಿ ಬಗ್ಯಾಸ್, ಅಂದ್ರ ರಸ ಹಿಂಡಿದ ಕಬ್ಬಿನ ಸಿಪ್ಪಿ, ಬೇಕಾದಷ್ಟು ಸಿಗತೈತಿ. ನಮ್ಮ ಮೊಲಕ್ಕ ಹಾಕೀವಿ, ಮೆತ್ತಗಿರತೈತಿ. ಗೊಂಜಾಳದ ಬೆಂಡು ಪುಡಿ ಮಾಡಿ ಹಾಕಿದ್ರೂ ನಡೀತೈತಿ ಅನಸತೈತಿ.

ಶಹಾಪುರ ಕಾಕಾ:
ತಮ್ಮಾ, ಆ ಪುಕ್ಕಟೆ ಚೀಲ ಇದ್ದಲ್ಲೇ ಇರ್ಲಿ. ದೇವದಾರು ಅಂದ್ರ ಸೀಡರ್ ಜಾತಿ ಮರ. ರಂದಾ ಹೊಡಿಯುವಾಗ ಘಮಘಮ ಅಂತೈತಲ್ಲ, ಆ ಎಣ್ಣಿನ ಹಾವಿಗೆ ವಿಷ. ಪೈನ್ ಅಷ್ಟು ಖಡಕ್ ಅಲ್ಲ, ಆದ್ರೂ ಅದೇ ದಾರಿ. ನಾವು ವಾಸನಿ ಬಂದ್ರ ಕಿಡಕಿ ತಗೀತೀವಿ, ಹಾವು ಮುಚ್ಚಿದ ಪೆಟ್ಟಿಗಿಯೊಳಗ ಮೂಗು ಹಾಸಿಗಿಗೆ ಹಚ್ಚಿಕೊಂಡೇ ಹಗಲೂ ರಾತ್ರಿ ಮಲಗತೈತಿ. ಸಾಗವಾನಿ ಒಂದನ್ನ ಆರಿಸಿ ತರತೀನಿ ಅಂತೀಯೇನು? ಅದರ ಧೂಳು ಮನಷ್ಯಾರಿಗೇ ಮೈ ತುರಸತೈತಿ. ಮ್ಯಾಲೆ ಅಂಗಡಿ ಕಸ ಅಂದ್ರ ಪ್ಲೈವುಡ್ ಚೂರು, ಎಂಡಿಎಫ್ (ಕಟ್ಟಿಗಿ ನಾರು ಅಂಟಿಸಿ ಮಾಡಿದ ಹಲಗಿ) ಪುಡಿ, ಅಂಟು, ಪೇಂಟ್ ಎಲ್ಲಾ ಕೂಡೇ ಬಂದಿರತಾವು. ಎಂಡಿಎಫ್ ಅಂಟಿನಾಗ ಫಾರ್ಮಾಲ್ಡಿಹೈಡ್ ಅನ್ನೋ ವಿಷದ ರಾಸಾಯನಿಕ ಇರತೈತಿ.

ಮೋಲ್ಡಿಂಗ್ ಉಸುಕಿನ ಮಾತೇ ಬ್ಯಾಡ. ಸಿಲಿಕಾ, ಬೆಂಟೊನೈಟ್ ಮಣ್ಣು, ಕೆಲವಕ್ಕ ರೆಸಿನ್ ಅಂಟು. ಬೀಡು ಎರಕ ಹೊಯ್ಯಾಕ ಛಲೋ, ಹಾವು ಇಲಿ ನುಂಗುವಾಗ ಬಾಯಾಗ ಹೋದ್ರ ಹೊಟ್ಟಿಯೊಳಗ ಕಟ್ಟತೈತಿ.

ಗೋಕಾಕದವರ ಬಗ್ಯಾಸ್‌ನಾಗ ಎಷ್ಟು ಹಿಂಡಿದ್ರೂ ಸ್ವಲ್ಪ ಸಕ್ಕರಿ ಉಳಿದಿರತೈತಿ. ಬಾಲ್ ಪೈಥಾನ್ ಪಶ್ಚಿಮ ಆಫ್ರಿಕಾದ ಜೀವ, ಅದಕ್ಕ ಗಾಳಿಯೊಳಗ ಶೇಕಡಾ 55–70 ತೇವ ಬೇಕು. ಸಕ್ಕರಿ, ತೇವ, 30 ಡಿಗ್ರಿ ಶಾಖ ಮೂರೂ ಕೂಡಿದ್ರ ಬೂಸರ ಬರದೇ ಇರತೈತೇನು? ರಾಶಿ ಹಾಕಿಟ್ಟ ಹಳೇ ಬಗ್ಯಾಸ್ ಧೂಳಿನಿಂದ ಕೆಲಸಗಾರರಿಗೆ ಬರೋ ಪುಪ್ಪಸದ ಬ್ಯಾನಿಗೆ ಬಗಾಸೋಸಿಸ್ ಅಂತ ಹೆಸರೇ ಐತಿ. ಗೊಂಜಾಳದ ಬೆಂಡೂ ಹಂಗ, ನೀರು ಕುಡಿದು ಉಬ್ಬತೈತಿ, ನುಂಗಿದ್ರ ಕರುಳು ಕಟ್ಟತೈತಿ. ಮೊಲದ ಲೆಕ್ಕ ಬ್ಯಾರೆ, ಹಾವಿನ ಲೆಕ್ಕ ಬ್ಯಾರೆ.

ಆಸ್ಪೆನ್‌ಗೂ ರೊಕ್ಕ ಹಾಕಬ್ಯಾಡ. ನಾನು ಕಾರ್ನ್ ಸ್ನೇಕ್‌ಗೆ ಹಾಕತೀನಿ, ಅದಕ್ಕ ಒಣ ಹಾಸಿಗಿ ಸೇರತೈತಿ. ಬಾಲ್ ಪೈಥಾನ್‌ಗೆ ಬೇಕಾದ ತೇವ ಇಟ್ರ ಆಸ್ಪೆನ್ ಬೂಸರ ಹಿಡಿತೈತಿ. ಜೂನ್‌ದಿಂದ ಸಪ್ಟೆಂಬರ್ ತನಕ ನಮ್ಮ ಬೆಳಗಾವಿ ಹೆಂಗಿರತೈತಿ ನಿನಗ ಹೇಳಬೇಕೇನು? ಗ್ವಾಡಿ, ಚಪ್ಪಲಿ, ಪೆಟ್ಟಿಗ್ಯಾಗಿನ ರೇಷ್ಮಿ ಸೀರಿ ಯಾವುದನ್ನೂ ಬೂಸರ ಬಿಡಂಗಿಲ್ಲ.

ನಿನಗ ಈಗ ಬೇಕಾಗಿದ್ದು ರದ್ದಿ ಪೇಪರ್. ನಗಬ್ಯಾಡ. ಹೊಸಾ ಮನಿಗೆ ಬಂದ ಹಾವಿಗೆ ಮೊದಲ ತಿಂಗಳು ಪೇಪರ್‌ಗಿಂತ ಛಲೋ ಹಾಸಿಗಿ ಇಲ್ಲ. ಹೇಲು ಗಟ್ಟಿ ಐತೋ ನೀರಾಗೈತೋ ಕಾಣತೈತಿ. ಉಣ್ಣಿ ಬಿದ್ದಿದ್ರ ಗುಂಡಸೂಜಿ ತಲಿಯಷ್ಟು ಕರೇ ಚುಕ್ಕಿ ಹರಿದಾಡೋದು ಕಣ್ಣಿಗೆ ಬೀಳತೈತಿ. ತೆಂಗಿನ ನಾರಿನಾಗ ಇವು ಯಾವೂ ಕಾಣಂಗಿಲ್ಲ. ಹೊಲಸಾದ ಕೂಡ್ಲೆ ಸುತ್ತಿ ಒಗದು ಹೊಸಾದು ಹಾಕು. ಅಡಗಾಕ ಎರಡು ಗೂಡು ಇಡು, ಒಂದು ಬೆಚ್ಚನೆ ಬದಿಗೆ, ಒಂದು ತಂಪಿನ ಬದಿಗೆ. ಪೇಪರ್ ಮ್ಯಾಲೆ ಅದಕ್ಕ ಮರೆ ಸಿಗಂಗಿಲ್ಲ, ಗೂಡು ಇಲ್ಲಾಂದ್ರ ಅಂಜಿ ಊಟ ಬಿಡತೈತಿ.

ಆಮ್ಯಾಲೆ ತೆಂಗಿನ ಸಿಪ್ಪಿ ಚಿಪ್ಸ್‌ಗೆ ಬಾ. ಆರ್ಕಿಡ್, ಆಂಥೂರಿಯಂ ಬೆಳೆಯೋರು ಹೂವಿನ ಕುಂಡಕ್ಕ ಹಾಕತಾರಲ್ಲ, ಅದೇ. ನರ್ಸರಿಯೊಳಗ ಇಟ್ಟಿಗಿ ರೂಪದಾಗ ಸಿಗತೈತಿ, ಬಕೆಟ್ ನೀರಿಗೆ ಹಾಕಿದ್ರ ಉಬ್ಬಿ ಬುಟ್ಟಿಗಟ್ಟಲೆ ಆಗತೈತಿ. ಸಣ್ಣ ಪುಡಿ, ಅಂದ್ರ ಕೊಕೊಪೀಟ್, ಒಣಗಿದ್ರ ಧೂಳು ಏಳತೈತಿ, ಅದಕ್ಕ ಚಿಪ್ಸೇ ತಗೋ. ತಗೊಳ್ಳುವಾಗ ಬರೇ ತೆಂಗಿಂದೇ ಐತೇನು ಅಂತ ಕೇಳು. ಬೇವಿನ ಹಿಂಡಿ, ಎರೆಗೊಬ್ಬರ ಕಲಸಿದ ತಯಾರಿ ಮಣ್ಣನ್ನೂ ಅದೇ ಚೀಲದಾಗ ಮಾರತಾರ. ಮನಿಗೆ ತಂದು ಎರಡ್ಮೂರು ನೀರಿನಾಗ ತೊಳಿ, ತೆಂಗಿನ ನಾರಿನಾಗ ಉಪ್ಪು ಇರತೈತಿ. ಮುಷ್ಟ್ಯಾಗ ಹಿಡಿದು ಹಿಂಡಿದ್ರ ಹನಿ ಬೀಳಬಾರದು, ಅಷ್ಟು ಆರಿದ ಮ್ಯಾಲೆ ಮೂರು ಇಂಚು ಹಾಸು. ತೇವ ಕಡಿಮಿ ಆದ್ರ ಮ್ಯಾಲೆ ಸ್ಪ್ರೇ ಹೊಡೀಬ್ಯಾಡ, ಮೂಲ್ಯಾಗ ನೀರು ಹಾಕು. ಕೆಳಗಿಂದು ಹಸಿ ಇರಲಿ, ಮ್ಯಾಲಿಂದು ಒಣಗಿರಲಿ. ಹಸಿ ಮ್ಯಾಲೆ ಮಲಗಿದ್ರ ಹೊಟ್ಟಿ ಕೆಳಗಿನ ಹುರುಪಿ ಕೊಳಿತಾವು.

ಇಲಿ ಕೊಡುವಾಗ ಒಂದು ಹಳೇ ತಾಟಿನ ಮ್ಯಾಲೆ ಕೊಡು, ಚಿಪ್ಸ್ ಬಾಯಿಗೆ ಹೋಗಂಗಿಲ್ಲ. ಹಾಲು ಹಾವಿಗೆ ಪಚನ ಆಗಂಗಿಲ್ಲ ಅಂತ ಅವ್ವಗ ಸಮಾಧಾನದಿಂದ ಹೇಳು. ಬಟ್ಟಲದಾಗ ನೀರು ತುಂಬೋ ಕೆಲಸ ಅವರಿಗೇ ಒಪ್ಪಸು, ಇಬ್ಬರಿಗೂ ಪುಣ್ಯ.

ವಿಜಯಪುರ ಗುಮ್ಮಟ:
ಕಾಕಾ ಹೇಳಿದ್ದೆಲ್ಲಾ ಬೆಳಗಾವಿ ಮಳಿಗೆ ಖರೆ ಅದ. ನಮ್ಮ ವಿಜಯಪುರದಾಗ ಏಪ್ರಿಲ್-ಮೇ ಅಂದ್ರ 40 ಡಿಗ್ರಿ ದಾಟತದ, ಫ್ಯಾನ್ ಗಾಳಿಗೆ ಮುಂಜಾನೆ ಹಾಕಿದ ನೀರು ಮಧ್ಯಾಹ್ನಕ್ಕ ಇರಂಗಿಲ್ಲ. ಇಲ್ಲಿ ಬರೇ ಪೇಪರ್ ಹಾಕಿದ್ರ ಪೊರಿ ಒಂದೇ ಕಾಲಚೀಲದಂಗ ಬಿಡಂಗಿಲ್ಲ, ಚೂರುಚೂರು ಹರೀತದ, ಕಣ್ಣಿನ ಮ್ಯಾಲಿಂದು ಅಲ್ಲೇ ಉಳೀತದ. ಅದಕ್ಕ ಮುಚ್ಚಳ ಇದ್ದ ಪ್ಲಾಸ್ಟಿಕ್ ಡಬ್ಬಿಗೆ ಹಾವು ಹೋಗೋ ಅಷ್ಟು ತೂತು ಮಾಡಿ, ಅಂಚು ಉಜ್ಜಿ ನುಣುಪು ಮಾಡಿ, ಒಳಗ ತೋಯಿಸಿ ಹಿಂಡಿದ ಸ್ಫ್ಯಾಗ್ನಮ್ ಪಾಚಿ ತುಂಬಿ ಇಡ್ತೀನ್ರಿ. ಪೊರಿ ಬಿಡೋ ಹೊತ್ತು ಬಂದು ಕಣ್ಣು ನೀಲಿ-ಬೂದಿ ಆದ ಕೂಡ್ಲೆ ತಾನೇ ಹೋಗಿ ಒಳಗ ಕೂಡತದ. ಉಳಿದ ಪೆಟ್ಟಿಗಿಗೆ ಪೇಪರ್ ಇದ್ರೂ ನಡೀತದ. ಖರ್ಚು ಅಂದ್ರ ಪಾಚಿದಷ್ಟೇ.

ಟಿಳಕವಾಡಿ ಹುಡುಗ:
ಭಾಳ ಉಪಕಾರ ಆತ್ರಿ ಕಾಕಾ, ಗುಮ್ಮಟ ಅಣ್ಣಾ. ಭಾವ ಕೊಟ್ಟ ಹೀಟ್ ಪ್ಯಾಡ್ ಪೆಟ್ಟಿಗಿ ಕೆಳಗ ಹಚ್ಚೀನಿ. ಅದರ ಮ್ಯಾಲೆ ಮೂರು ಇಂಚು ಚಿಪ್ಸ್ ಬಂದ್ರ ಶಾಖ ಮ್ಯಾಲೆ ಬರತೈತೇನ್ರಿ? ಇನ್ನೊಂದು, ರದ್ದಿ ಪೇಪರಿನ ಶಾಯಿಯಿಂದ ಏನೂ ಆಗಂಗಿಲ್ಲಲ್ಲ?

ಶಹಾಪುರ ಕಾಕಾ:
ಪ್ಯಾಡ್ ಮ್ಯಾಲೆ ದಪ್ಪ ಹಾಸಿದ್ರ ಶಾಖ ಕೆಳಗೇ ಕಟ್ಟತೈತಿ, ಹಾವು ಕೆದರಿಕೊಂಡು ಕೆಳಗ ಹೋದ್ರ ಹೊಟ್ಟಿ ಸುಡತೈತಿ. ಪ್ಯಾಡ್ ಇದ್ದ ಬದಿಗೆ ತೆಳ್ಳಗ ಹಾಸು, ಉಳಿದ ಕಡೆ ದಪ್ಪ. ಶಾಖ ಮಿತಿಯೊಳಗ ಇಡೋ ಥರ್ಮೋಸ್ಟ್ಯಾಟ್ ಇಲ್ಲದ ಪ್ಯಾಡ್ ಚಾಲೂ ಮಾಡಲೇಬ್ಯಾಡ. ಅದರ ಪ್ರೋಬ್, ಅಂದ್ರ ಶಾಖ ಅಳಿಯೋ ತುದಿ, ಪ್ಯಾಡಿನ ಮ್ಯಾಲೇ ಕೂಡಬೇಕು, ಬೆಚ್ಚನೆ ಬದಿಗೆ 31–32 ಡಿಗ್ರಿ ಸಾಕು. ಹಾಸಿಗಿಯೊಳಗ ಉಳಿಸಿದ ರೊಕ್ಕ ಇಲ್ಲಿ ಹಾಕು.

ಕಾಗದಪತ್ರದ್ದೂ ಕೇಳಲಿಲ್ಲ ನೀನು. ಬಾಲ್ ಪೈಥಾನ್ ಅಂದ್ರ ಸೈಟ್ಸ್ ಅನ್ನೋ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಎರಡನೇ ಅನುಬಂಧದ ಪ್ರಾಣಿ. 1972ರ ವನ್ಯಜೀವಿ ಕಾಯ್ದೆಗೆ 2022ರಾಗ ತಿದ್ದುಪಡಿ ಆತು, 2024ರ ನಿಯಮದ ಪ್ರಕಾರ ಇಂಥವನ್ನ ಕೇಂದ್ರ ಪರಿಸರ ಮಂತ್ರಾಲಯದ ಪರಿವೇಶ್ ಪೋರ್ಟಲ್‌ನಾಗ ನೋಂದಾಯಿಸಬೇಕು, ಕೈ ಬದಲಾದ್ರೂ ತಿಳಸಬೇಕು. ಭಾವನ ಹೆಸರಿನಾಗ ಏನೈತಿ ಮೊದಲ ಕೇಳು, ಆ ಕಾಗದದ ಪ್ರತಿ ಮನಿಯಾಗ ಇರಲಿ. ಓಣಿಯವರ ಕಣ್ಣಿಗೆ ಅದು ನಮ್ಮ ಕಾಡಿನ ಹೆಬ್ಬಾವಿನ ಮರಿ ಅನಸತೈತಿ, ಕಾಡಿನ ಹೆಬ್ಬಾವು ಸಾಕಿದ್ರ ಅಪರಾಧ.

ಶಾಯಿಗೆ ಅಂಜಬ್ಯಾಡ, ಒಣಗಿದ ಹಳೇ ಪೇಪರ್ ಎಷ್ಟೋ ಮಂದಿ ಹಾಕತಾರ. ತೊಯ್ದ್ರ ಬಿಳಿ ಹೊಟ್ಟಿಗೆ ಸ್ವಲ್ಪ ಕರೇ ಹತ್ತತೈತಿ, ಅಷ್ಟೇ. ಪುರವಣಿಯ ನುಣುಪು ಹಾಳಿ ಮಾತ್ರ ತಗದು ಇಡು, ಅದು ಉಚ್ಚಿ ಹೀರಂಗಿಲ್ಲ.