ಅಪ್‌ಡೇಟ್: ಅಂಕೋಲೆಯ ಮುತ್ತಜ್ಜ, 'ನಾಯ್ಕ' ಎಂಬ ಅಡ್ಡಹೆಸರು

ಹಿಂದೆ ನಾನು ಇಲ್ಲಿ ಕೇಳಿದ್ದು ಎರಡು: ಗೇಣಿ ಗದ್ದೆ ಮಾಡುತ್ತಿದ್ದ ಮುತ್ತಜ್ಜನ ದಾಖಲೆ ಎಲ್ಲಿ ಸಿಕ್ಕೀತು, 'ನಾಯ್ಕ' ಎಲ್ಲಿಂದ ಬಂತು.

ಪಹಣಿ (ಜಮೀನಿನ ಹಕ್ಕು, ಸಾಗುವಳಿಯ ದಾಖಲೆ) ನೋಡಿ ಎಂದವರಿಗೆ ಧನ್ಯವಾದ. ಆದರೆ ಮಾಲಕರ ಕಾಲಂನಲ್ಲಿ ಇರುವುದು ಧಣಿಯ, ಅಂದರೆ ಜಮೀನುದಾರನ ಹೆಸರು. ಗೇಣಿದಾರನನ್ನು ಸಾಗುವಳಿದಾರರ ಕಾಲಂನಲ್ಲೇ ಹುಡುಕಬೇಕು. ನಿಜವಾಗಿ ದಾರಿ ತೆರೆದದ್ದು 1974ರ ಭೂಸುಧಾರಣೆಯ ಸಮಯದ ನಮೂನೆ 7ರ, ಅಂದರೆ ಗೇಣಿದಾರರು ಉಳುವ ಭೂಮಿಯ ಹಕ್ಕಿಗಾಗಿ ಕೊಟ್ಟ ಅರ್ಜಿಯ ಕಡತ. ಸರ್ವೆ ನಂಬರು, ವಿಸ್ತೀರ್ಣ, ಧಣಿಯ ಹೆಸರಿನ ಜೊತೆ, ಗೇಣಿ ಯಾರ ಕಾಲದಿಂದ ನಡೆದುಬಂತು ಎಂಬ ಹೇಳಿಕೆಯೂ ಅದರಲ್ಲಿತ್ತು. ನಕಲಿಗೆ ಅರ್ಜಿ ಕೊಡುವಾಗ ಹೆಸರಿಗಿಂತ ಸರ್ವೆ ನಂಬರು, ಹಿಸ್ಸಾ (ಅದರೊಳಗಿನ ಪಾಲಿನ) ನಂಬರೇ ಮುಖ್ಯ.

ಎಡವುವುದು ಹೆಸರಿನಲ್ಲಿ. ಮೊಮ್ಮಗನಿಗೆ ಅಜ್ಜನ ಹೆಸರಿಡುವ ರೂಢಿಯಿಂದ ಒಂದು ತಲೆಮಾರು ಬಿಟ್ಟು ಅದೇ ಹೆಸರು ಮರಳುತ್ತದೆ. ಮಾಸಿದ ಶಾಯಿಯಲ್ಲಿ 'ಬಿನ್' (ಇಂಥವರ ಮಗ) ಎಂಬುದರ ಮುಂದಿದ್ದ ತಂದೆಯ ಹೆಸರೊಂದೇ ಒಂದೇ ಹೆಸರಿನ ಇಬ್ಬರನ್ನು ಬೇರೆ ಮಾಡಿತು. ಶಾಲೆಯ ಜನರಲ್ ರಿಜಿಸ್ಟರಿನಲ್ಲಿ ಜನ್ಮದಿನ ಜೂನ್ 1 ಎಂದಿದ್ದರೆ ನಂಬಬೇಡಿ, ಬಹಳ ಸಲ ಅದು ಮಾಸ್ತರರ ಅಂದಾಜು.

ಅಡ್ಡಹೆಸರಿನ ಮೂಲ ಸಂಸ್ಕೃತದ 'ನಾಯಕ', ಮುಂದಾಳು. ನಮ್ಮ ಕರಾವಳಿಯಲ್ಲಿ ನಾಡವರ ಸಮುದಾಯದವರು 'ನಾಯಕ' ಎಂದೂ ನಾಮಧಾರಿ ಸಮುದಾಯದವರು 'ನಾಯ್ಕ' ಎಂದೂ ಬರೆಯುವುದು ರೂಢಿ. ಇಂಗ್ಲಿಷ್ ಕಾಗದದಲ್ಲಿ ಈ ವ್ಯತ್ಯಾಸ ಎಷ್ಟೋ ಸಲ ಅಳಿಸಿಹೋಗುತ್ತದೆ, ಆದ್ದರಿಂದ ಕನ್ನಡ ಪ್ರತಿಯನ್ನೇ ಕೇಳಿ. ಹಳೆಯ ದಾಖಲೆಗಳಲ್ಲಿ ಅಡ್ಡಹೆಸರೇ ಇಲ್ಲ, ಹೆಸರು ಮತ್ತು ತಂದೆಯ ಹೆಸರು ಅಷ್ಟೇ. ನಮ್ಮ ಮನೆತನದಲ್ಲಿ ಅದು ಮೊದಲು ಕಾಣುವುದು ಶಾಲೆಯ ದಾಖಲೆಯಲ್ಲಿ.

ಇನ್ನೂ ಹಿಂದೆ ಹೋಗುವವರಿಗೆ: 1862ರಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆ ಮದ್ರಾಸ್ ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಅದಕ್ಕೂ ಮುಂಚಿನದನ್ನು ಮದ್ರಾಸಿನ ಕಾಗದಪತ್ರಗಳಲ್ಲಿ ಹುಡುಕಬೇಕು.