ಮನೆಯವರೇ ಆಟಕ್ಕೆ ಕೂತಿದ್ದಾರೆ, ಥ್ಯಾಂಕ್ಸ್ ಹೇಳೋದು ಹೇಗೆ? ಅನುಭವ ಹೇಳಿ

ಕುರಿ ವ್ಯಾಪಾರಿ: ಕಟಾನ್ ಅನ್ನೋ ಜರ್ಮನಿಯ ಬೋರ್ಡ್ ಗೇಮ್ (ಕುರಿ, ಗೋಧಿ ಅದಲುಬದಲು ಮಾಡುವ ಆಟ) ತಂದು ಎರಡು ವರ್ಷ. ಮೊದಲ ಆರು ತಿಂಗಳು ಡಬ್ಬಿ ಬೀರು ಮೇಲೇ ಇತ್ತು, ಮೂರು ಜನ ಬೇಕಲ್ಲ. ಈಗ ಹೆಂಡತಿ, ಮಾವನವರು, ಏಳನೇ ಕ್ಲಾಸಿನ ಮಗಳು ಶನಿವಾರ ಊಟ ಆದ ಕೂಡಲೇ ತಾವೇ ಮೇಜು ಒರೆಸಿ ಕೂರುತ್ತಾರೆ. ದಾಳದಲ್ಲಿ 7 ಬಿದ್ದರೆ ಮಾವನವರು ಕಳ್ಳನ ಕಾಯಿ ತಂದು ನನ್ನ ಗೋಧಿ ಹೊಲದಲ್ಲೇ ಇಡುತ್ತಾರೆ. ಇವರಿಗೆ ಏನಾದರೂ ಮಾಡಬೇಕು ಅನ್ನಿಸಿದೆ. ಹೊಸ ಆಟ ತರಲಾ, ಇದನ್ನೇ ಆರು ಜನ ಆಡೋ ಹಾಗೆ ಮಾಡುವ ಎಕ್ಸ್‌ಟೆನ್ಷನ್ ಡಬ್ಬಿ ತರಲಾ? ಬಜೆಟ್ ಮೂರು ಸಾವಿರ.

ಬೂಷ್ಟು ಡಬ್ಬಿ: ಏನು ತಂದರೂ ಮೊದಲು ಕಾರ್ಡುಗಳಿಗೆ ಸ್ಲೀವ್, ಅಂದರೆ ಪ್ಲಾಸ್ಟಿಕ್ ಕವರ್, ಹಾಕಿ ಸರ್. ನಾನು ಮಂಗಳೂರಿನವನು, ಹೇಳುವ ಹಕ್ಕಿದೆ. ಎರಡು ಮಳೆಗಾಲದ ಹಿಂದೆ ಹನ್ನೊಂದು ಆಟ ಅಟ್ಟದಲ್ಲಿಟ್ಟಿದ್ದೆ. ಆಗಸ್ಟ್‌ನಲ್ಲಿ ಇಳಿಸಿದರೆ ಟಿಕೆಟ್ ಟು ರೈಡ್ ಡಬ್ಬಿ ತುಂಬಾ ಬೂಷ್ಟು, ಬೋರ್ಡ್ ಹಪ್ಪಳದ ಹಾಗೆ ಸೊಟ್ಟ. 110 ರೈಲು ಕಾರ್ಡನ್ನೂ ಹೆಂಡತಿ ಒಂದೊಂದಾಗಿ ಒರೆಸಿ, ಹೇರ್ ಡ್ರೈಯರ್ ಹಿಡಿದು, ಪೇಪರ್ ಮೇಲೆ ಹರವಿದಳು. ಎರಡು ರಾತ್ರಿ. ಮೂರನೇ ದಿನ ಅವಳಿಗೆ ಸೀನೋ ಸೀನು. ಆಮೇಲಿನ ಖರ್ಚು: ಗಾಳಿಯಾಡದ ಡಬ್ಬಿ ಎರಡು ₹1,298, ತೇವ ಹೀರುವ ಸಿಲಿಕಾ ಜೆಲ್ ₹380, ಸ್ಲೀವ್ ₹1,150. ಅದರಲ್ಲಿ ₹300ರದ್ದು ಅಳತೆ ತಪ್ಪಿ ದಂಡ. ಥ್ಯಾಂಕ್ಸ್ ಅಂತ ಆಗ ಬಾಯಿಬಿಟ್ಟು ಹೇಳಲಿಲ್ಲ. ಇವತ್ತಿಗೂ ಅದನ್ನೇ ಎತ್ತಿ ಹಂಗಿಸುತ್ತಾಳೆ.

ಕವಡೆ ಗೌರಿ: ಮೂರು ಸಾವಿರವಾ! ನಮ್ಮತ್ತೆ ಸೀಮೆಸುಣ್ಣದಲ್ಲಿ ನೆಲದ ಮೇಲೆ ಚೌಕಾಬಾರದ ಐದೈದು ಮನೆ ಬರೆದು ನಾಲ್ಕು ಕವಡೆ ಹಿಡಿದರೆ ಮುಗಿಯಿತು. ಮದುವೆಯಾಗಿ ಮೈಸೂರಿಗೆ ಬಂದ ಮೊದಲ ವರ್ಷ ನಮ್ಮಿಬ್ಬರಿಗೆ ಅಷ್ಟಕ್ಕಷ್ಟೆ. ಒಂದು ಮಧ್ಯಾಹ್ನ ಕರೆಂಟ್ ಹೋಗಿತ್ತು, 'ಬಾರೇ, ಒಂದಾಟ' ಅಂದರು. ನನ್ನ ಕಾಯಿ ಇನ್ನೇನು ಹಣ್ಣಾಗಬೇಕು, ಎಂಟು ಹಾಕಿ ಕಡಿದೇ ಬಿಟ್ಟರು. ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಅವರು ಹೋಗಿ ನಾಲ್ಕು ವರ್ಷ, ಕವಡೆ ನನ್ನ ಹತ್ತಿರವೇ ಇವೆ. ಮುಮ್ಮಡಿ ಕೃಷ್ಣರಾಜ ಒಡೆಯರೇ ಕೂತು ಮಣೆ ಆಟ ರೂಪಿಸಿದ ಊರು ನಮ್ಮದು. ಜರ್ಮನಿ ಕುರಿ ಯಾಕೆ ಬೇಕು?

ಬೂಷ್ಟು ಡಬ್ಬಿ: ಅವರು ಕೇಳಿದ್ದು ಕಟಾನ್ ಬಗ್ಗೆ ಮೇಡಂ. ಎಲ್ಲದಕ್ಕೂ ಅರಸರನ್ನು ಎಳೆದು ತರಬೇಡಿ.

ಕವಡೆ ಗೌರಿ: ಬೂಷ್ಟಿನ ಬಗ್ಗೆಯೂ ಕೇಳಿರಲಿಲ್ಲ.

ಗಾಬ್ಲಿನ್ ಗಂಡ: ನೀವೆಲ್ಲ ಡಬ್ಬಿ ತೆಗೆದು ಆಡುವವರು, ಪುಣ್ಯವಂತರು. ನನ್ನದು ಮಿನಿಯೇಚರ್, ಬೆರಳುದ್ದದ ಕಾಯಿಗಳ ಆಟ, ಬಣ್ಣ ಹಚ್ಚದೆ ಆಟವೇ ಇಲ್ಲ. ಜುಲೈನಲ್ಲಿ ಬಾಲ್ಕನಿಯಲ್ಲಿ ಪ್ರೈಮರ್, ಅಂದರೆ ಬಣ್ಣಕ್ಕೆ ಮುಂಚಿನ ಅಸ್ತರಿ, ಹೊಡೆದೆ. ಗಾಳಿಯಲ್ಲಿ ತೇವ. 24 ಗಾಬ್ಲಿನ್‌ಗಳ (ಕುಳ್ಳ ಭೂತಗಳ) ಮೈಯೆಲ್ಲ ರವೆ ಉದುರಿಸಿದ ಹಾಗೆ ತರಿತರಿ. ಪ್ರೈಮರ್ ₹900 ಹೋಯಿತು, ಬಿಡಿ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ನೆನೆಸಿ ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜುವುದಕ್ಕೆ ನಾಲ್ಕು ಭಾನುವಾರ. ನನಗೆ ಕಣ್ಣು ಬರೆಯಲು ಕೈ ನಡುಗುತ್ತದೆ. ನಮ್ಮವಳು ರಂಗೋಲಿ ಕೈಯವಳು, ಕುಕ್ಕರ್ ಮೂರು ಸೀಟಿ ಕೂಗುವುದರೊಳಗೆ ಟೂತ್‌ಪಿಕ್ ತುದಿಯಲ್ಲಿ ಬಿಳಿ ಚುಕ್ಕೆ, ಒಳಗೆ ಕಪ್ಪು ಚುಕ್ಕೆ ಇಟ್ಟು ಎರಡು ಗಾಬ್ಲಿನ್ ಮುಗಿಸಿದಳು. ಒಂದು ನನ್ನನ್ನೇ ಗುರಾಯಿಸುತ್ತದೆ. ಅದಕ್ಕೆ ನಾದಿನಿಯ ಹೆಸರಿಟ್ಟಿದ್ದೇವೆ, ಮನೆಯಲ್ಲಿ ಹೇಳಬೇಡಿ. ಇನ್ನೊಂದು ಮಾತು: 2020ರಲ್ಲಿ ಆಟಿಕೆಯ ಆಮದು ಸುಂಕ 20ರಿಂದ 60 ಪರ್ಸೆಂಟ್, 2023ರಲ್ಲಿ 70. ಹೊರಗಿಂದ ತರಿಸಲೇಬೇಡಿ.

ಬಿಲ್ಲು ನೋಡಿ ಭಟ್ಟ: ತಪ್ಪು ಮಾಹಿತಿ. ಅದು ಕಸ್ಟಮ್ಸ್ ಕೋಡ್ 9503, ಆಟಿಕೆ. ಬೋರ್ಡ್ ಗೇಮ್ ಬರುವುದು 9504ರಲ್ಲಿ. ಸ್ವಂತಕ್ಕೆ ತರಿಸುವ ಪಾರ್ಸೆಲ್ ಲೆಕ್ಕ ಮತ್ತೂ ಬೇರೆ. ಕಸ್ಟಮ್ಸ್ ಕ್ಲಿಯರಿಂಗ್‌ನಲ್ಲಿ ಹದಿನಾರು ವರ್ಷ ಇದೇ ಕೆಲಸ ಮಾಡಿದ್ದೇನೆ.

ಗಾಬ್ಲಿನ್ ಗಂಡ: ನಾನು ₹2,840 ಕಟ್ಟಿದ ರಸೀದಿ ಇದೆ. ನಿಮ್ಮ ಹದಿನಾರು ವರ್ಷ ಆಗ ಎಲ್ಲಿತ್ತು?

ಬಿಲ್ಲು ನೋಡಿ ಭಟ್ಟ: ಗೊಂಬೆ ಅಂತ ಬರೆಸಿಕೊಂಡು ಬಂದರೆ ಗೊಂಬೆ ಸುಂಕವೇ ಬೀಳುತ್ತದೆ. ಇನ್‌ವಾಯ್ಸ್ ನೋಡಿದ್ರಾ?

ಗಾಬ್ಲಿನ್ ಗಂಡ: ಗೊಂಬೆ ಅನ್ನಬೇಡಿ.

ಉಡುಪಿ ತಂಗಿ: ನಮ್ಮಲ್ಲಿ ಚೆನ್ನೆಮಣೆ. ಹದಿನಾಲ್ಕು ಗುಳಿ, 56 ಮಂಜೊಟ್ಟಿ ಕಾಳು, ತುಳುವರ ಆಟಿ ತಿಂಗಳ ಮಳೆ. ಅಕ್ಕತಂಗಿ ಎದುರುಬದುರು ಕೂತು ಆಡಬಾರದು ಅಂತ ಅಜ್ಜಿ. ತುಳು ಹಾಡುಗತೆ ಸಿರಿ ಪಾಡ್ದನದ ಅಕ್ಕತಂಗಿ ಅಬ್ಬಗ ದಾರಗ ಜಗಳ ಶುರುವಾದದ್ದೇ ಚೆನ್ನೆಯಿಂದ, ಅಕ್ಕ ಮಣೆ ಎತ್ತಿಯೇ ಹೊಡೆದಳಂತೆ. ಹಾಗಾಗಿ ನನ್ನ ಜೊತೆ ಅಜ್ಜಿಯೇ ಕೂರುತ್ತಿದ್ದರು, ಸೊಂಟ ಹಿಡಿದಿದ್ದರೂ. ಬೇಕಂತಲೇ ಸೋಲುತ್ತಿದ್ದರು ಅಂತ ಮೊನ್ನೆ ಅಮ್ಮ ಹೇಳಿದ ಮೇಲೆ ಗೊತ್ತಾಯಿತು. ಯಾರಿಗೆ ಥ್ಯಾಂಕ್ಸ್ ಹೇಳಲಿ ಈಗ.

ಕವಡೆ ಗೌರಿ: ನಮ್ಮತ್ತೆ ಒಂದೇ ಒಂದು ದಿನ ಬೇಕಂತ ಸೋತವರಲ್ಲ. ಎಂಟು ಬಿದ್ದರೆ ಇನ್ನೊಂದು ಸಲ ಹಾಕೋದು, ಮೇಲೆ ಕಡಿದರೆ ಮತ್ತೊಂದು.

ಬೂಷ್ಟು ಡಬ್ಬಿ: ಕಡಿದರೆ ಇನ್ನೊಂದು ಸಲ ಅಂತ ಎಲ್ಲಿದೆ? ನಮ್ಮ ಕಡೆ ಇಲ್ಲ.

ಕವಡೆ ಗೌರಿ: ನಿಮ್ಮ ಕಡೆ ಕವಡೆಗೂ ಬೂಷ್ಟು ಹಿಡಿದಿರಬೇಕು.

ಕುರಿ ವ್ಯಾಪಾರಿ: ಇದನ್ನೆಲ್ಲ ಮಾವನವರಿಗೆ ಓದಿ ಹೇಳಿದೆ. ಕಟಾನ್ ಮಡಚಿಟ್ಟು ಸೀಮೆಸುಣ್ಣ ಹುಡುಕುತ್ತಿದ್ದಾರೆ. ಕಡಿದರೆ ಇನ್ನೊಂದು ಸಲ ಇದೆಯಂತೆ.